ಲೂಪ್ ಪೆಡಲು: ಪಾದದಿಂದ ಹಿಡಿಯುವ ತಾಳ

ಹಾಡುವವರಿಗೆ ಶ್ರುತಿಯ ಆಸರೆಯೂ ಲಯದ ಜೊತೆಯೂ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಮನೆಯಲ್ಲಿ ಒಬ್ಬರೇ ಕುಳಿತು ಅಭ್ಯಾಸಮಾಡುವವರಿಗೆ ದಿನವೂ ಜೊತೆಗಾರರು ಎಲ್ಲಿಂದ ದೊರೆತಾರು? ನಮ್ಮ ರಾಜಾಜಿನಗರದಲ್ಲಿ ಗಿಟಾರು ಕಲಿಯುವ ಮಕ್ಕಳಿಗೂ ಈ ಕೊರತೆ ತಪ್ಪಿದ್ದಲ್ಲ. ಅದನ್ನು ತಕ್ಕಮಟ್ಟಿಗೆ ನೀಗಿಸುವ ಸಾಧನವೊಂದುಂಟು. ಅದೇ ಲೂಪ್ ಪೆಡಲು. ಮಕ್ಕಳು ಇದನ್ನು ಕೊಡಿಸಿರೆಂದು ಕೇಳಿದಾಗ ಹಿರಿಯರು ಅದರ ಗುಣದೋಷಗಳನ್ನು ಅರಿತಿರುವುದು ಮೇಲು.

ಇದು ನೆಲದ ಮೇಲಿಡುವ ಚಿಕ್ಕದೊಂದು ಪೆಟ್ಟಿಗೆ. ಗಿಟಾರಿನಿಂದ ಬರುವ ನಾದವು ಇದರ ಮೂಲಕ ಆಂಪ್ಲಿಫಯರನ್ನು ಸೇರುತ್ತದೆ. ಒಮ್ಮೆ ತುಳಿದರೆ ನುಡಿಸಿದ್ದನ್ನು ಗ್ರಹಿಸತೊಡಗುತ್ತದೆ. ಮತ್ತೊಮ್ಮೆ ತುಳಿದರೆ ಗ್ರಹಿಸಿದಷ್ಟನ್ನು ಬಿಡುವಿಲ್ಲದೆ ಆವರ್ತಿಸುತ್ತದೆ. ಮೂರನೆಯ ಸಲ ತುಳಿದು ನುಡಿಸಿದರೆ ಹಳೆಯದರ ಮೇಲೆ ಹೊಸದು ಕೂಡಿಕೊಳ್ಳುವುದು. ಹಲವು ಪೆಡಲುಗಳು ಎರಡು ಸಲ ಬೇಗಬೇಗನೆ ತುಳಿದರೆ ನಿಲ್ಲುತ್ತವೆ.

ಇದರ ಹಿಂದಿನ ಕಲ್ಪನೆ ಹೊಸದಲ್ಲ. 1948ರಲ್ಲಿಯೇ ಪ್ಯಾರಿಸಿನ ಪಿಯೆರ್ ಶೆಫರ್ ಎಂಬವರು ಗ್ರಾಮಫೋನು ತಟ್ಟೆಯ ಗೆರೆಯನ್ನು ವರ್ತುಲವಾಗಿ ಮುಚ್ಚಿ, ಒಂದೇ ಧ್ವನಿ ಮರುಕಳಿಸುವಂತೆ ಮಾಡಿದರು. 1960ರ ದಶಕದಲ್ಲಿ ಅಮೆರಿಕದ ಟೆರ್ರಿ ರೈಲಿ ಎರಡು ಟೇಪ್ ಯಂತ್ರಗಳಿಂದ ಇಂತಹದೇ ಕಾರ್ಯ ಸಾಧಿಸಿದರು. ನಮ್ಮಲ್ಲಿಯಾದರೋ ತಂಬೂರಿಯ ನಾಲ್ಕು ತಂತಿಗಳ ಮೀಟು ಅನಾದಿಯಾಗಿ ಸುತ್ತುತ್ತಲೇ ಇದೆ. ಅದನ್ನು ಪೆಟ್ಟಿಗೆಯೊಳಗಿಟ್ಟು ಮನೆಮನೆಗೂ ತಲಪಿಸಿದವರಲ್ಲಿ ಬೆಂಗಳೂರಿನ ರಾಡೆಲ್ ಸಂಸ್ಥೆಯ ಸ್ಥಾಪಕರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಪ್ರಮುಖರು. ಆದರೆ ತಂಬೂರಿ ಪೆಟ್ಟಿಗೆ ಕೊಡುವುದು ಶ್ರುತಿಯನ್ನು. ಲೂಪ್ ಪೆಡಲು ಕೇಳುವುದು ಲಯವನ್ನು.

ಈ ಪರೀಕ್ಷೆಯೆಲ್ಲ ಎರಡನೆಯ ತುಳಿತದಲ್ಲಿದೆ. ನಿಮಿಷಕ್ಕೆ 80 ಎಣಿಕೆಯಂತೆ ಆದಿತಾಳದ 8 ಅಕ್ಷರಗಳ ಒಂದು ಆವರ್ತನಕ್ಕೆ 6 ಸೆಕೆಂಡು ಹಿಡಿಯುತ್ತದೆ. ಪಾದವು ಕಾಲು ಸೆಕೆಂಡು ತಡವಾದರೆ ಆವರ್ತನವು ಆರೂಕಾಲು ಸೆಕೆಂಡಾಗುವುದು. ಜೊತೆಯಲ್ಲಿ ಮೆಟ್ರೊನೋಮ್ ನಡೆಯುತ್ತಿದ್ದರೆ 12 ಸುತ್ತುಗಳಲ್ಲಿ 3 ಸೆಕೆಂಡು, ಎಂದರೆ ನಾಲ್ಕು ಅಕ್ಷರಗಳಷ್ಟು ಹಿಂದೆ ಬಿದ್ದಂತಾಯಿತು! ಆದುದರಿಂದ ಮೊದಲು ಒಂದು ಆವರ್ತನವನ್ನು ಬಾಯಿಯಲ್ಲಿ ಎಣಿಸಬೇಕು. ಸಮದ ಮೇಲೆಯೇ ತುಳಿದು ಆರಂಭಿಸಿ, ಎಂಟನೆಯ ಅಕ್ಷರ ಪೂರ್ತಿ ಸಂದ ಬಳಿಕ ಬರುವ ಮುಂದಿನ ಸಮದ ಮೇಲೆಯೇ ಮತ್ತೆ ತುಳಿಯಬೇಕು. ಸುತ್ತು ಕುಂಟಿದರೆ ಅದರ ಮೇಲೆ ಏನನ್ನೂ ಕೂಡಿಸದೆ ಅಳಿಸಿಬಿಡುವುದೇ ಲೇಸು. ಕುಂಟಿದ ಅಡಿಪಾಯದ ಮೇಲೆ ಎಷ್ಟು ಅಂತಸ್ತು ಕಟ್ಟಿದರೇನು? ಎರಡು ಮೂರು ಪದರಗಳೇ ಸಾಕು. ಹೆಚ್ಚಾದರೆ ನಾದವು ಗದ್ದಲವಾಗುತ್ತದೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ರಾತ್ರಿಯ ಅಭ್ಯಾಸವು ಹೆಡ್‌ಫೋನಿನಲ್ಲಿ ನಡೆದರೆ ನೆರೆಹೊರೆಯವರಿಗೂ ಹಿತ.

ಇಷ್ಟಾದರೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೃದಂಗದವರು ಹಾಡುವವರ ಮುಖ ನೋಡುತ್ತಾರೆ. ತಡವರಿಸಿದಾಗ ಕಾಯುತ್ತಾರೆ, ಉತ್ಸಾಹ ಬಂದಾಗ ಹುರಿದುಂಬಿಸುತ್ತಾರೆ. ಪೆಡಲಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಹಗಲಿರುಳೂ ಇದನ್ನೇ ನಂಬಿದ ಮಗುವಿಗೆ ಇತರರೊಡನೆ ಕೂಡಿ ನುಡಿಸುವ ವಿನಯ ಬಾರದೆ ಹೋಗಬಹುದು. ಆದಕಾರಣ ವಾರಕ್ಕೊಮ್ಮೆಯಾದರೂ ಜೀವಂತ ಜೊತೆಗಾರರೊಡನೆ ಕೂರಿಸಬೇಕು.

ಹಿರಿಯರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಮಗು ನುಡಿಸುತ್ತಿರುವಾಗ ಪೆಡಲಿನ ಆವರ್ತನದ ಧ್ವನಿಯನ್ನು ಮಾತ್ರ ನಾಲ್ಕು ಸುತ್ತುಗಳ ಕಾಲ ಪೂರ್ತಿ ತಗ್ಗಿಸಿ, ಮತ್ತೆ ಏರಿಸಿರಿ. ಮಗುವೂ ಯಂತ್ರವೂ ಒಂದೇ ಸಮದಲ್ಲಿ ಕೂಡಿದರೆ, ಲಯವು ಪೆಟ್ಟಿಗೆಯಿಂದ ಮಗುವಿನೊಳಕ್ಕೆ ಇಳಿದಿದೆಯೆಂದು ತಿಳಿಯಬಹುದು.