ನಾಲ್ಕೂವರೆ ಚಾಪೆಯ ಹರೆಯ

ಕಳೆದುಹೋದ ಹರೆಯವನ್ನು ಇನ್ನೊಮ್ಮೆ ಬದುಕುವ ಅವಕಾಶ ದೊರೆತವರ ಕಥೆಗಳು ಕಳೆದ ನಾಲ್ಕು ದಶಕಗಳಲ್ಲಿ ಚಲನಚಿತ್ರ, ಕಾದಂಬರಿ ಮತ್ತು ಟಿವಿ ಧಾರಾವಾಹಿಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವೆನಿಸುವಷ್ಟು ಬೆಳೆದಿದ್ದು, ಅವುಗಳಲ್ಲಿ ಒಳ್ಳೆಯವು ಅನೇಕ ಸಲ ವಿಷಾದದ ಹಾದಿಯನ್ನು ಬಿಟ್ಟು ಹಾಸ್ಯದ ಹಾದಿಯನ್ನೇ ಹಿಡಿದಿವೆ. ಈ ಕಥೆಗಳು ಬಳಸುವ ಮುಖ್ಯ ತಂತ್ರ ಟೈಮ್ ಲೂಪ್, ಅಂದರೆ ಕಾಲದ ಸುಳಿ: ಒಂದು ದಿನವೋ, ಒಂದು ಬೇಸಿಗೆ ರಜೆಯೋ, ಕಾಲೇಜಿನ ಎರಡು ವರ್ಷಗಳೋ ಮುಗಿಯುತ್ತಿದ್ದಂತೆ ಕಾಲವು ಮುಂದಕ್ಕೆ ಹರಿಯದೆ ಹೊರಟ ಜಾಗಕ್ಕೇ ಮರಳುತ್ತದೆ ಮತ್ತು ಅದರೊಳಗೆ ಸಿಕ್ಕಿದವರು ಅದೇ ಘಟನೆಗಳನ್ನು ಮೊದಲಿನಿಂದ ಎದುರಿಸಬೇಕಾಗುತ್ತದೆ. ಮೇಲುನೋಟಕ್ಕೆ ಇದು ಹಳಹಳಿಕೆಯ ಪರಮ ಸುಖವೆಂದು ತೋರುತ್ತದೆ. ಆದರೆ ಹಳಹಳಿಕೆಯು ಬೇಕಾದ ದಿನಗಳನ್ನಷ್ಟೇ ಆರಿಸಿ ನೆನಪಿನಲ್ಲಿಟ್ಟುಕೊಂಡು ಬೇಸರ, ಅವಮಾನ, ಹಾಳುಹರಟೆಗಳನ್ನೆಲ್ಲ ಸದ್ದಿಲ್ಲದೆ ಕೈಬಿಡುತ್ತದೆ. ಕಾಲಸುಳಿಯಾದರೋ ಕೈಬಿಟ್ಟದ್ದನ್ನೂ ಸೇರಿಸಿ ಇಡಿಯಾಗಿ ಹಿಂದಿರುಗಿಸುತ್ತದೆ, ಅದೂ ಒಂದು ಸಲವಲ್ಲ. ಈ ಪ್ರಕಾರದ ನಗೆ ಹುಟ್ಟುವುದು ಬಯಸಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಈ ಅಂತರದಲ್ಲಿ.

ಮರಳಿ ಪಡೆಯುವುದಾದರೆ ಹರೆಯವೇ ಏಕೆ ಬೇಕು, ಬಾಲ್ಯವೋ ನಡುವಯಸ್ಸೋ ಏಕಾಗದು ಎಂಬ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಒಂದು ಉತ್ತರವಿದೆ. ನಲವತ್ತು ದಾಟಿದವರಿಗೆ ತಮ್ಮ ಬದುಕಿನ ನೆನಪುಗಳನ್ನು ಹೇಳಲು ಕೇಳಿದರೆ, ತೀರ ಇತ್ತೀಚಿನವನ್ನು ಬಿಟ್ಟು, ಸುಮಾರು ಹತ್ತರಿಂದ ಮೂವತ್ತರ ನಡುವಣ ವಯಸ್ಸಿನ ನೆನಪುಗಳೇ ಉಳಿದ ವಯಸ್ಸಿನವಕ್ಕಿಂತ ಹೆಚ್ಚಾಗಿ ಬರುತ್ತವೆ. ರೇಖಾಚಿತ್ರದಲ್ಲಿ ಆ ಭಾಗ ದಿಬ್ಬದಂತೆ ಎದ್ದು ಕಾಣುವುದರಿಂದ ಸಂಶೋಧಕರು ಇದನ್ನು ನೆನಪಿನ ಉಬ್ಬು ಎನ್ನುತ್ತಾರೆ. ಮೊದಲ ಸಲ ಮನೆ ಬಿಟ್ಟದ್ದು, ಮೊದಲ ಪ್ರೇಮ, ಮೊದಲ ಸಂಬಳ ಮುಂತಾದವು ಈ ಅವಧಿಯಲ್ಲೇ ಕೂಡಿಬರುವುದು ಮತ್ತು ತಾನು ಯಾರೆಂಬ ನಿಲುವು ಆಗಲೇ ರೂಪುಗೊಳ್ಳುವುದು ಇದಕ್ಕೆ ಕಾರಣವೆಂಬ ವಿವರಣೆಯೂ ಇದೆ.

1986ರಲ್ಲಿ ಅಮೆರಿಕದಲ್ಲಿ ಈ ಬಗೆಯ ಎರಡು ಕೃತಿಗಳು ಹೊರಬಂದವು. ಫ್ರಾನ್ಸಿಸ್ ಫೋರ್ಡ್ ಕೊಪೊಲಾ ನಿರ್ದೇಶಿಸಿದ 'ಪೆಗ್ಗಿ ಸೂ ಗಾಟ್ ಮ್ಯಾರೀಡ್' ಚಿತ್ರದಲ್ಲಿ ಕ್ಯಾಥ್ಲೀನ್ ಟರ್ನರ್ ಅಭಿನಯಿಸಿದ ನಾಯಕಿ, ಶಾಲೆ ಬಿಟ್ಟ 25 ವರ್ಷಗಳ ಬಳಿಕ ನಡೆದ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮೂರ್ಛೆಹೋಗಿ, 1960ರಲ್ಲಿ ಹೈಸ್ಕೂಲು ಹುಡುಗಿಯಾಗಿ ಕಣ್ಣು ತೆರೆಯುತ್ತಾಳೆ. ಬೀಜಗಣಿತದ ಪರೀಕ್ಷೆಯಲ್ಲಿ ಮೇಷ್ಟ್ರಿಗೇ, ಇದರಿಂದ ಮುಂದೆ ಎಳ್ಳಷ್ಟೂ ಪ್ರಯೋಜನವಿಲ್ಲವೆಂಬುದು ತನಗೆ ಅನುಭವದಿಂದ ಗೊತ್ತು ಎಂದು ಸಾರುವ ಅದೇ ಹೆಂಗಸು, ಎಂದೋ ತೀರಿಕೊಂಡ ಅಜ್ಜಿಯ ದನಿ ಫೋನಿನಲ್ಲಿ ಕೇಳಿದಾಗ ಮಾತು ಹೊರಡದೆ ನಿಂತುಬಿಡುತ್ತಾಳೆ. ಕೆನ್ ಗ್ರಿಮ್‌ವುಡ್ ಬರೆದ 'ರಿಪ್ಲೇ' ಕಾದಂಬರಿಯ ನಾಯಕ 1988ರಲ್ಲಿ 43ನೆಯ ವಯಸ್ಸಿಗೆ ಹೃದಯಾಘಾತದಿಂದ ಸತ್ತು, 1963ರಲ್ಲಿ 18ರ ಕಾಲೇಜು ಹುಡುಗನಾಗಿ ಎಚ್ಚರಗೊಂಡು, ಕುದುರೆ ಜೂಜಿನ ಫಲಿತಾಂಶಗಳು ನೆನಪಿರುವುದರಿಂದ ಹಣ ಮಾಡಿ, ಮತ್ತೆ ಅದೇ ದಿನ ಸಾಯುತ್ತಾನೆ; ಇದು ಪುನರಾವರ್ತನೆಯಾಗುತ್ತ ಹೋದಂತೆ ಅವನಿಗೆ ದಕ್ಕುವ ಕಾಲ ಪ್ರತಿ ಸಲವೂ ಮೊಟಕಾಗುತ್ತದೆ. ಎರಡನೆಯ ಮಹಾಯುದ್ಧದ ಬೆನ್ನಿಗೆ ಹುಟ್ಟಿದ ದೊಡ್ಡ ತಲೆಮಾರು ಆಗ ನಲವತ್ತನ್ನು ಮುಟ್ಟುತ್ತಿದ್ದುದಕ್ಕೂ ಈ ಕೃತಿಗಳಿಗೂ ನಂಟಿಲ್ಲವೆನ್ನುವುದು ಕಷ್ಟ. ಮಹಾಭಾರತದ ಯಯಾತಿ ಇವರೆಲ್ಲರ ಹಿರಿಯಣ್ಣನಂತೆ ಕಂಡರೂ ಅವನ ಕಥೆಯ ಜಾಡು ಬೇರೆ: ಅವನು ತನ್ನ ಹರೆಯಕ್ಕೆ ಹಿಂದಿರುಗುವುದಿಲ್ಲ, ಮಗ ಪೂರುವಿನ ಹರೆಯವನ್ನು ಕಡ ಪಡೆದು ಮುಂದಕ್ಕೆ ಬದುಕುತ್ತಾನೆ, ಮತ್ತು ಆ ಸಾಲದ ಬೆಲೆ ತೆರುವವರು ಬೇರೆಯವರು, 1961ರಲ್ಲಿ ಪ್ರಕಟವಾದ 'ಯಯಾತಿ' ನಾಟಕದಲ್ಲಿ ಗಿರೀಶ ಕಾರ್ನಾಡರು ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕಲ್ಪಿಸಿದ್ದು ಈ ಬೆಲೆಯನ್ನು ಕಣ್ಣೆದುರಿಗೆ ತರುವುದಕ್ಕಾಗಿಯೇ. ಅಲ್ಲಿ ನಗಲು ಹೆಚ್ಚೇನೂ ಇಲ್ಲ.

ಕಾಲಸುಳಿಗೂ ನಗೆಗೂ ಗಂಟು ಬಿದ್ದದ್ದನ್ನು ಜಗತ್ತಿನ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿಕೊಟ್ಟದ್ದು ಹೆರಾಲ್ಡ್ ರೇಮಿಸ್ ನಿರ್ದೇಶನದ 'ಗ್ರೌಂಡ್‌ಹಾಗ್ ಡೇ' (1993). ಬಿಲ್ ಮರ್ರಿ ಅಭಿನಯಿಸಿದ, ತನ್ನ ಬಗ್ಗೆಯೇ ಮೆಚ್ಚುಗೆ ತುಂಬಿಕೊಂಡ ಟಿವಿ ಹವಾಮಾನ ವರದಿಗಾರ ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ ಫೆಬ್ರವರಿ 2ನೆಯ ತಾರೀಖಿಗೇ ಪ್ರತಿ ಬೆಳಗ್ಗೆ ಆರು ಗಂಟೆಗೆ ಏಳುತ್ತಾನೆ. ಫ್ರೆಂಚ್ ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್ ನಗೆಯನ್ನು ಕುರಿತು 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಜೀವಂತವಾಗಿರಬೇಕಾದದ್ದು ಯಂತ್ರದಂತೆ ನಡೆದುಕೊಂಡಾಗ ನಗೆ ಬರುತ್ತದೆಂದು ವಾದಿಸಿ, ಪುನರಾವರ್ತನೆಯನ್ನು ಹಾಸ್ಯದ ಮೂಲಸಾಧನಗಳಲ್ಲಿ ಒಂದಾಗಿ ಎಣಿಸಿದ್ದನು. ಈ ಚಿತ್ರದಲ್ಲಿ ಊರಿಗೆ ಊರೇ ಕೀಲಿ ಕೊಟ್ಟ ಗೊಂಬೆಗಳಂತೆ ಅದೇ ಮಾತನ್ನಾಡಿ ಅದೇ ಹೆಜ್ಜೆಯಿಡುತ್ತದೆ, ಒಬ್ಬನಿಗೆ ಮಾತ್ರ ನೆನಪಿರುತ್ತದೆ. ಆದರೂ ಚಿತ್ರ ಮುಂದುವರಿದಂತೆ ನಿಜವಾಗಿ ಯಂತ್ರವಾಗಿದ್ದವನು ಆ ಒಬ್ಬನೇ ಎಂಬುದು ಹೊಳೆಯುತ್ತದೆ. ಇಲ್ಲಿ ಮರಳುವುದು ಹರೆಯವಲ್ಲ, ಒಂದು ಸಾಧಾರಣ ಮಂಗಳವಾರದಂಥ ದಿನ. ಸುಳಿಯನ್ನು ಹರೆಯದ ಜತೆಗೆ ಜೋಡಿಸಿ ಅದರಲ್ಲಿ ಅಡಗಿರುವುದನ್ನೆಲ್ಲ ಹಿಂಡಿ ತೆಗೆದವರು ಜಪಾನೀಯರು.

ರುಮಿಕೊ ತಕಹಾಶಿಯವರ ಜನಪ್ರಿಯ ಕಾಮಿಕ್ಸ್ ಸರಣಿಯನ್ನು ಆಧರಿಸಿ ಮಮೊರು ಒಶೀ 1984ರಲ್ಲಿ ನಿರ್ದೇಶಿಸಿದ 'ಉರುಸೆಯ್ ಯಾತ್ಸುರಾ 2: ಬ್ಯೂಟಿಫುಲ್ ಡ್ರೀಮರ್' ಅನಿಮೆ ಚಿತ್ರ, ಅಂದರೆ ಜಪಾನಿ ಶೈಲಿಯ ಅನಿಮೇಷನ್ ಚಿತ್ರ, 'ಗ್ರೌಂಡ್‌ಹಾಗ್ ಡೇ'ಗಿಂತ ಒಂಬತ್ತು ವರ್ಷ ಹಿಂದಿನದು. ಜಪಾನಿನ ಹೈಸ್ಕೂಲುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಶಾಲಾ ಉತ್ಸವಕ್ಕೆ ಮಕ್ಕಳೇ ತರಗತಿಯ ಕೋಣೆಗಳನ್ನು ಹೋಟೆಲು, ಪ್ರದರ್ಶನ, ನಾಟಕಶಾಲೆಗಳಾಗಿ ಮಾರ್ಪಡಿಸುತ್ತಾರೆ. ಈ ಚಿತ್ರದ ಮಕ್ಕಳು ತರಗತಿಯೊಳಕ್ಕೆ ನಿಜವಾದ ಯುದ್ಧಟ್ಯಾಂಕನ್ನೇ ತಂದು ನಿಲ್ಲಿಸಿ ರಾತ್ರಿಯೆಲ್ಲ ದುಡಿಯುತ್ತಿದ್ದಾರೆ, ಆದರೆ ಅದು ಉತ್ಸವದ ಹಿಂದಿನ ದಿನ, ಎಷ್ಟು ಕಾಲವಾದರೂ ಹಿಂದಿನ ದಿನವೇ. ಮಕ್ಕಳಿಗೆ ಅದರ ಪರಿವೆಯಿಲ್ಲ. ಮೊದಲು ಅನುಮಾನ ಹುಟ್ಟುವುದು ಸುಸ್ತಾದ ಒಬ್ಬ ಮೇಷ್ಟ್ರಿಗೆ. ಗೆಳೆಯರೆಲ್ಲ ಹೀಗೇ ಒಟ್ಟಿಗಿರಲಿ ಎಂದು ನಾಯಕಿ ಲಮ್ ಕಂಡ ಕನಸನ್ನು ಕನಸಿನ ಪಿಶಾಚಿಯೊಂದು ನಿಜವಾಗಿಸಿಬಿಟ್ಟಿದೆ ಎಂಬುದು ಕೊನೆಗೆ ತಿಳಿಯುವ ಗುಟ್ಟು. ಚಿತ್ರದ ಹಿನ್ನೆಲೆಗಿರುವುದು ಉರಾಶಿಮಾ ತಾರೋ ಎಂಬ ಬೆಸ್ತನ ಪ್ರಾಚೀನ ಕಥೆ: ತಾನು ಕಾಪಾಡಿದ ಆಮೆಯ ಬೆನ್ನೇರಿ ಸಮುದ್ರದಡಿಯ ಅರಮನೆಗೆ ಹೋದವನು ಅಲ್ಲಿ ಕೆಲವೇ ದಿನ ಸುಖವಾಗಿದ್ದು ಊರಿಗೆ ಮರಳಿದಾಗ ಶತಮಾನಗಳೇ ಉರುಳಿರುತ್ತವೆ, ಮತ್ತು ತೆರೆಯಬಾರದ ಪೆಟ್ಟಿಗೆಯನ್ನು ತೆರೆದೊಡನೆ ಅವನು ಮುದುಕನಾಗುತ್ತಾನೆ. ಉತ್ಸವಕ್ಕಿಂತ ಉತ್ಸವದ ಹಿಂದಿನ ರಾತ್ರಿಯೇ ನೆನಪಿನಲ್ಲಿ ದೊಡ್ಡದಾಗಿ ಉಳಿಯುತ್ತದೆಂಬ ಒಶೀಯವರ ಊಹೆ, ಮದುವೆಮನೆಯ ಹಿಂದಿನ ದಿನ ಚಪ್ಪರದಡಿ ಓಡಾಡಿದ ಯಾರಿಗೂ ಒಪ್ಪಿಗೆಯಾಗುವಂಥದು.

2009ರಲ್ಲಿ ಕ್ಯೋಟೊ ಅನಿಮೇಷನ್ ಸಂಸ್ಥೆ ಹರುಹಿ ಸುಜುಮಿಯಾ ಎಂಬ ಅನಿಮೆ ಸರಣಿಯಲ್ಲಿ ಪ್ರಸಾರ ಮಾಡಿದ 'ಎಂಡ್‌ಲೆಸ್ ಎಯ್ಟ್' ಭಾಗವಂತೂ ಈ ತಂತ್ರವನ್ನು ವೀಕ್ಷಕರ ಮೇಲೆಯೇ ಪ್ರಯೋಗಿಸಿತು. ಆಗಸ್ಟ್ 17ರಿಂದ 31ರವರೆಗಿನ ಬೇಸಿಗೆ ರಜೆ ಮರುಕಳಿಸುತ್ತ ಕೊನೆಯ ಸುತ್ತಿನ ವೇಳೆಗೆ 15,532 ಸಲ ಆಗಿರುತ್ತದೆ. ಎಲ್ಲವನ್ನೂ ನೆನಪಿಟ್ಟುಕೊಂಡಿರುವ ಒಬ್ಬಳೇ ಒಬ್ಬಳ ಪಾಲಿಗೆ ಅದು ಸುಮಾರು ಆರು ಶತಮಾನ. ನಿರ್ಮಾಪಕರು ಇದನ್ನು ಒಂದು ಕಂತಿನಲ್ಲಿ ಹೇಳಿ ಮುಗಿಸದೆ, ಬಹುಮಟ್ಟಿಗೆ ಒಂದೇ ಕಥೆಯನ್ನು ಪ್ರತಿ ಸಲ ಹೊಸದಾಗಿ ಚಿತ್ರಿಸಿ, ಹೊಸದಾಗಿ ದನಿ ಕೊಡಿಸಿ, ಎಂಟು ವಾರ ಎಂಟು ಕಂತುಗಳಲ್ಲಿ ತೋರಿಸಿದರು. ವೀಕ್ಷಕರು ಸಿಟ್ಟಾದದ್ದು ಸಹಜ. ಬಿಡುಗಡೆಯ ಉಪಾಯ ಮಾತ್ರ ನಗೆ ತರಿಸುವಷ್ಟು ಸಾದಾ: ಗೆಳೆಯರೆಲ್ಲ ಒಂದೆಡೆ ಕುಳಿತು, ಉಳಿದುಹೋಗಿದ್ದ ರಜೆಯ ಹೋಂವರ್ಕ್ ಮುಗಿಸುವುದು.

ಇವೆಲ್ಲಕ್ಕಿಂತ ನಿಧಾನವಾಗಿ ನೋಡಬೇಕಾದ ಕೃತಿ 'ದಿ ತತಾಮಿ ಗ್ಯಾಲಕ್ಸಿ'. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಓದಿದ ತೊಮಿಹಿಕೊ ಮೊರಿಮಿ 2004ರಲ್ಲಿ ಬರೆದ ಕಾದಂಬರಿಯನ್ನು ನಾಟಕಕಾರ ಮಕೊತೊ ಉಎದಾ ಚಿತ್ರಕಥೆಯಾಗಿಸಿ, ಮಸಾಅಕಿ ಯುಅಸಾ 2010ರಲ್ಲಿ 11 ಕಂತುಗಳ ಅನಿಮೆ ಧಾರಾವಾಹಿಯಾಗಿ ನಿರ್ದೇಶಿಸಿದರು. ಅದೇ ವರ್ಷದ ಜಪಾನ್ ಮೀಡಿಯಾ ಆರ್ಟ್ಸ್ ಉತ್ಸವದಲ್ಲಿ ಅನಿಮೇಷನ್ ವಿಭಾಗದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಸಂದಿತು. ತತಾಮಿ ಎಂದರೆ ಜಪಾನೀ ಮನೆಗಳ ನೆಲಕ್ಕೆ ಹಾಸುವ ದಪ್ಪನೆಯ ಹುಲ್ಲಿನ ಚಾಪೆ. ಸುಮಾರು ಆರು ಅಡಿ ಉದ್ದ, ಮೂರು ಅಡಿ ಅಗಲದ ಇದರ ಲೆಕ್ಕದಲ್ಲೇ ಕೋಣೆಗಳನ್ನು ಅಳೆಯುವ ರೂಢಿಯಿದ್ದು, ನಾಲ್ಕೂವರೆ ಚಾಪೆಯ ಕೋಣೆಯೆಂದರೆ ಒಂಬತ್ತು ಅಡಿ ಚೌಕ. ಹಳೆಯ ಬಾಡಿಗೆ ಕಟ್ಟಡವೊಂದರ ಇಂಥ ಕೋಣೆಯಲ್ಲಿ ವಾಸಿಸುವ, ಕಥೆಯುದ್ದಕ್ಕೂ ಹೆಸರೇ ಇಲ್ಲದ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬ, ಕಾಲೇಜು ಸೇರಿದಾಗ ತಾನು ಕನಸು ಕಂಡಿದ್ದ ಗುಲಾಬಿ ಬಣ್ಣದ ಬದುಕು ಸಿಗದೆ ಹೋದದ್ದಕ್ಕೆ, ತಾನು ಸೇರಿದ ವಿದ್ಯಾರ್ಥಿ ಸಂಘವೇ ಕಾರಣವೆಂದು ನಂಬಿದ್ದಾನೆ.

ಇಲ್ಲಿಂದ ಸುಳಿ ಆರಂಭವಾಗುತ್ತದೆ. ಟೆನಿಸ್ ಸಂಘ ಸೇರಿ ಕೆಟ್ಟೆ ಎಂದು ಅವನು ಹಲುಬುವಷ್ಟರಲ್ಲಿ ಗಡಿಯಾರ ಹಿಂದಕ್ಕೆ ತಿರುಗಿ, ಮುಂದಿನ ಕಂತಿನಲ್ಲಿ ಅವನು ಸಿನಿಮಾ ಸಂಘದಲ್ಲಿರುತ್ತಾನೆ, ಅದರ ಮುಂದಿನದರಲ್ಲಿ ಸೈಕಲ್ ಸಂಘದಲ್ಲಿ, ಮತ್ತೊಂದರಲ್ಲಿ ಇಂಗ್ಲಿಷ್ ಸಂಭಾಷಣಾ ಸಂಘದಲ್ಲಿ. ದಾರಿ ಯಾವುದಾದರೂ ಒಜು ಎಂಬ, ಪಿಶಾಚಿಯ ಮುಖದ ಕಿಡಿಗೇಡಿ ಗೆಳೆಯ ಗಂಟುಬೀಳುತ್ತಾನೆ, ಯಾವ ದಾರಿಯ ಕೊನೆಯಲ್ಲೂ ಎರಡು ವರ್ಷ ಹಾಳಾಗಿರುತ್ತದೆ. ಆಕಾಶಿ ಎಂಬ ನೇರನುಡಿಯ ಕಿರಿಯ ವಿದ್ಯಾರ್ಥಿನಿ ಕಳೆದುಕೊಂಡ ಪುಟ್ಟ ಬಟ್ಟೆಗೊಂಬೆ ಪ್ರತಿ ಬದುಕಿನಲ್ಲೂ ಅವನ ಕೋಣೆಯ ದೀಪದ ದಾರಕ್ಕೆ ನೇತುಬಿದ್ದು ಕಣ್ಣೆದುರಿಗೇ ತೂಗುತ್ತಿರುತ್ತದೆ. ಅವಕಾಶ ಕೈಯಳತೆಯಲ್ಲೇ ಇದೆ, ಹಿಡಿದುಕೋ ಎಂದು ಬೀದಿಬದಿಯ ಭವಿಷ್ಯ ಹೇಳುವ ಮುದುಕಿಯೊಬ್ಬಳು ಪ್ರತಿ ಸಲವೂ ಅದೇ ಮಾತನ್ನು ಹೇಳುತ್ತಾಳೆ. ಎಲ್ಲವೂ ಮೊದಲಿಗೆ ಮರಳುವ ಈ ಲೋಕದಲ್ಲಿ ಅವಳ ಶುಲ್ಕ ಮಾತ್ರ ಪ್ರತಿ ಸುತ್ತಿಗೂ ಏರುತ್ತ ಹೋಗುವುದು ಉಎದಾ ಅವರ ಅತ್ಯುತ್ತಮ ತಮಾಷೆಗಳಲ್ಲಿ ಒಂದು. ನಾಯಕನ ಸ್ವಗತ ಉಸಿರು ಬಿಡದ ವೇಗದಲ್ಲಿ, ಪಂಡಿತರ ಗ್ರಾಂಥಿಕ ಶೈಲಿಯಲ್ಲಿ ಸಾಗುತ್ತದೆ. ಮಾಡಿದ್ದು ಏನೂ ಇಲ್ಲದವನು ಅದನ್ನು ಅಷ್ಟು ಭವ್ಯವಾಗಿ ಬಣ್ಣಿಸುವುದರಲ್ಲೇ ಅರ್ಧ ಹಾಸ್ಯವಿದೆ. ಪೆಗ್ಗಿ ಸೂಗೆ ಹಿಂದಿನ ಬದುಕು ನೆನಪಿದೆ, ಹವಾಮಾನ ವರದಿಗಾರನಿಗೂ ನೆನಪಿದೆ; ಈ ಹುಡುಗನಿಗೆ ಮಾತ್ರ ಏನೂ ನೆನಪಿಲ್ಲ, ನೆನಪಿಟ್ಟುಕೊಳ್ಳುವ ಹೊಣೆ ಪ್ರೇಕ್ಷಕರದು. ಬೇರೆ ಸಂಘ ಸೇರಿದ್ದರೆ, ಬೇರೆ ಊರಿಗೆ ಹೋಗಿದ್ದರೆ ಎಂದು ಕೊರಗುವವರು ಸಾಮಾನ್ಯವಾಗಿ ತಪ್ಪನ್ನು ಆಯ್ಕೆಯ ಮೇಲೆ ಹೊರಿಸಿ ಆಯ್ದವನನ್ನು ಬಿಟ್ಟುಬಿಡುತ್ತಾರೆ ಎಂಬುದು, ಮೂರನೆಯ ಕಂತಿನ ಹೊತ್ತಿಗೆ ಪ್ರೇಕ್ಷಕರಿಗೆ ತಿಳಿದಿದ್ದರೂ ನಾಯಕನಿಗೆ ಹತ್ತನೆಯ ಕಂತಿನವರೆಗೂ ತಿಳಿಯುವುದಿಲ್ಲ.

ಹತ್ತನೆಯ ಕಂತಿನ ಬದುಕಿನಲ್ಲಿ ಅವನು ಯಾವ ಸಂಘವನ್ನೂ ಸೇರದೆ ಕೋಣೆಯಲ್ಲೇ ಉಳಿದು ಅದನ್ನೇ ಆದರ್ಶವೆಂದು ಸಾರುತ್ತಿರುವಾಗ, ಒಂದು ದಿನ ಬಾಗಿಲು ತೆರೆದರೆ ಆಚೆಗೂ ಅವನದೇ ಕೋಣೆ, ಅದರಾಚೆಗೂ ಅದೇ. ಕಾದಂಬರಿಯ ಕೊನೆಯ ಅಧ್ಯಾಯದ ಶೀರ್ಷಿಕೆ ಜೂಲ್ಸ್ ವರ್ನನ ಎಂಬತ್ತು ದಿನಗಳ ಭೂಪ್ರದಕ್ಷಿಣೆಯನ್ನು ಅಣಕಿಸುತ್ತದೆ. ಇಲ್ಲಿ ಪ್ರದಕ್ಷಿಣೆ ನಡೆಯುವುದು ಒಂಬತ್ತು ಅಡಿ ಚೌಕದ ಕೋಣೆಗಳಲ್ಲಿ. ಪ್ರತಿ ಕೋಣೆಯೂ ಅವನು ಬದುಕಬಹುದಾಗಿದ್ದ ಒಂದೊಂದು ಬದುಕಿನದು. ಒಳಗಿದ್ದಾಗ ದಂಡವೆನಿಸಿದ್ದ ಆ ಬದುಕುಗಳೆಲ್ಲ, ಗಡ್ಡ ಬೆಳೆಸಿಕೊಂಡು ಹೊರಗಿನವನಾಗಿ ಇಣುಕುವ ಈ ಒಂಟಿ ಪ್ರವಾಸಿಯ ಕಣ್ಣಿಗೆ ಅಸೂಯೆಪಡುವಷ್ಟು ತುಂಬಿ ತುಳುಕುತ್ತಿರುತ್ತವೆ, ಮತ್ತು ಎಲ್ಲದರಲ್ಲೂ ಇದ್ದ ಒಜುವೇ ತನಗಿದ್ದ ಏಕೈಕ ಗೆಳೆಯನೆಂಬುದು ಅವನಿಗೆ ಹೊಳೆಯುತ್ತದೆ. ಹಳಹಳಿಕೆ ಎನ್ನುವುದು ಕಳೆದ ಕಾಲವನ್ನು ಹೊರಗೆ ನಿಂತು ನೋಡುವ ಈ ನೋಟವೇ. ಯುಅಸಾ ಅದನ್ನು ನಡುವಯಸ್ಸಿನವರೆಗೆ ಕಾಯಿಸದೆ, ಹರೆಯ ಇನ್ನೂ ಮುಗಿಯದಿರುವಾಗಲೇ ಹುಡುಗನಿಗೆ ದಯಪಾಲಿಸುತ್ತಾರೆ. ಕೊನೆಗೆ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿರುವ ಒಜುವಿನ ಮುಖ ಎಲ್ಲರ ಮುಖದಂತೆ ಸಾಧಾರಣವಾಗಿ, ಅವನನ್ನು ನೋಡಲು ಬಂದ ನಾಯಕನ ಮುಖವೇ ಪಿಶಾಚಿಯದಾಗಿ ಚಿತ್ರಿತವಾಗಿರುತ್ತದೆ.

ಉಎದಾ ಅವರ ಕ್ಯೋಟೊದ ನಾಟಕತಂಡ ಯೂರೋಪ್ ಕಿಕಾಕು ಕಾಲದೊಂದಿಗಿನ ಈ ಆಟವನ್ನು ಮತ್ತೆ ಮತ್ತೆ ಆಡಿದೆ. 2001ರ 'ಸಮ್ಮರ್ ಟೈಮ್ ಮಷೀನ್ ಬ್ಲೂಸ್' ನಾಟಕದಲ್ಲಿ ಏಸಿಯ ರಿಮೋಟ್ ಕೆಟ್ಟು ಬೇಯುತ್ತಿರುವ ಕಾಲೇಜು ಹುಡುಗರಿಗೆ ಕಾಲಯಂತ್ರ ಸಿಕ್ಕಿದಾಗ, ಇಡೀ ಚರಿತ್ರೆ ಅವರ ಮುಂದೆ ಬಿಚ್ಚಿಕೊಂಡಿದ್ದರೂ, ಅವರು ಹೋಗುವುದು ನಿನ್ನೆಗೆ, ಕೆಡದಿದ್ದ ರಿಮೋಟ್ ತರಲು. 2005ರಲ್ಲಿ ಇದು ಸಿನಿಮಾ ಆಯಿತು. 2020ರಲ್ಲಿ ಮೊರಿಮಿ ಇದೇ ಕಥೆಯನ್ನು ತಮ್ಮ ನಾಲ್ಕೂವರೆ ಚಾಪೆಯ ಪಾತ್ರಗಳಿಗೆ ಹೊಂದಿಸಿ ಕಾದಂಬರಿಯಾಗಿಸಿದರು, ಮತ್ತು ಅದೂ 2022ರಲ್ಲಿ ಅನಿಮೆಯಾಗಿ ಬಂತು. 2023ರ 'ರಿವರ್' ಚಿತ್ರದಲ್ಲಿ ಉಎದಾ ಸುಳಿಯನ್ನು ಬರೀ ಎರಡು ನಿಮಿಷಕ್ಕೆ ಇಳಿಸಿದ್ದಾರೆ: ಕ್ಯೋಟೊದ ಹೊರವಲಯದ ಕಿಬುನೆಯಲ್ಲಿ, ನದಿಯಂಚಿನ ಒಂದು ವಸತಿಗೃಹದಲ್ಲಿ ಕೆಲಸಕ್ಕಿರುವ ಹುಡುಗಿ, ತನ್ನ ಪ್ರಿಯಕರ ಫ್ರಾನ್ಸಿಗೆ ಹೊರಡಲಿರುವುದರಿಂದ ಕಾಲ ಮುಂದೆ ಸಾಗದಿರಲಿ ಎಂದು ಹಾರೈಸುತ್ತಾಳೆ, ಇನ್ನೂ ಕಳೆಯದ ದಿನಗಳಿಗಾಗಿಯೇ ಹಳಹಳಿಸುವವಳು ಅವಳು. ಎರಡೆರಡು ನಿಮಿಷಕ್ಕೊಮ್ಮೆ ಎಲ್ಲರೂ ತಾವಿದ್ದ ಜಾಗಕ್ಕೇ ಮರಳುತ್ತಿದ್ದರೂ, ಇಲ್ಲಿ ನೆನಪು ಎಲ್ಲರಿಗೂ ಉಳಿಯುವುದರಿಂದ, ವಸತಿಗೃಹದ ಸಿಬ್ಬಂದಿ ಓಡೋಡಿ ಹೋಗಿ ಅತಿಥಿಗಳ ಕ್ಷಮೆ ಕೇಳುತ್ತಾರೆ: ಎಷ್ಟು ತಿಂದರೂ ಬಟ್ಟಲಿನ ಗಂಜಿ ಮುಗಿಯುತ್ತಿಲ್ಲ, ಬಿಸಿಗಿಟ್ಟ ಅಕ್ಕಿಯ ಮದ್ಯ ಎರಡು ನಿಮಿಷದೊಳಗೆ ಬಿಸಿಯಾಗುವಂತಿಲ್ಲ.