ಫಲ್ಗುಣಿಯ ದಂಡೆಯ ಅಜಿಲ ಅರಸರು

ಅರಮನೆ ಎಂದೊಡನೆ ನಮ್ಮ ಕಲ್ಪನೆ ವಿಜಯನಗರದ ಕಡೆಗೋ ಚಿತ್ರದುರ್ಗದ ಕಡೆಗೋ ಓಡುತ್ತದೆ. ತುಳುನಾಡಿನ ಅರಮನೆ ಆ ಬಗೆಯದಲ್ಲ. ಮಳೆಯ ಈ ಸೀಮೆಯಲ್ಲಿ ಅರಸನ ಮನೆಯೂ ಮುರಕಲ್ಲು, ಮಣ್ಣು, ಮರಗಳಿಂದಲೇ ಎದ್ದದ್ದು. ಚಾವಡಿ, ಅಂಗಳ, ಕೆತ್ತನೆಯ ಕಂಬಗಳೇ ಅದರ ವೈಭವ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರದ ಕೆತ್ತನೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳ್ತಂಗಡಿ ತಾಲೂಕಿನ ಅಳದಂಗಡಿ ಇಂಥದೇ ಇನ್ನೊಂದು ಜೈನ ಅರಸುಮನೆತನದ, ಅಜಿಲರ, ನೆಲೆ.

ಅಜಿಲರ ರಾಜಧಾನಿ ಸಮೀಪದ ವೇಣೂರು. ಶಾಸನದಲ್ಲಿ ಅದು ಏನೂರು. ಊರನ್ನು ಬಳಸಿ ಹರಿಯುವ ಫಲ್ಗುಣಿಯೇ ಮುಂದೆ ಗುರುಪುರ ನದಿಯೆನಿಸಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಈ ನದಿಯ ದಂಡೆಯಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ಬಾಹುಬಲಿಯನ್ನು ನಿಲ್ಲಿಸಿದ. ಎತ್ತರ ಸುಮಾರು 35 ಅಡಿ. ಕಾರ್ಕಳದಲ್ಲಿ 1432ರಲ್ಲೇ 42 ಅಡಿಯ ಮೂರ್ತಿ ನಿಂತಿತ್ತು. ಚಿಕ್ಕ ಅರಸನ ಈ ದೊಡ್ಡ ಸಾಹಸವನ್ನು ಕಂಡು ಕಾರ್ಕಳದ ಭೈರರಸ ಕೆರಳಿದನೆಂದೂ, ಅಜಿಲ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು ಉಳಿಸಿಕೊಂಡನೆಂದೂ ಪ್ರತೀತಿ. ಪ್ರತೀತಿಗೆ ಪ್ರಮಾಣ ಕೇಳುವುದು ಬೇಡ. ನೆರೆಹೊರೆಯ ಅರಸರ ಮತ್ಸರವಂತೂ ಸುಳ್ಳಲ್ಲ.

ಮೂರ್ತಿಯ ಪಕ್ಕದ ಶಾಸನ ನನಗೆ ಆ ಕಥೆಗಿಂತಲೂ ಸ್ವಾರಸ್ಯಕರವಾಗಿ ಕಾಣುತ್ತದೆ. ಅಲ್ಲಿ ತಿಮ್ಮರಾಜನ ಪರಿಚಯ ಹೀಗಿದೆ: ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ, ರಾಯಕುವರನ ಅಳಿಯ. ಅಳಿಯನೆಂದರೆ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಅಳಿಯಸಂತಾನದ ನಾಡಿನಲ್ಲಿ ಎರಡನೆಯ ಅರ್ಥಕ್ಕೇ ತೂಕ ಹೆಚ್ಚು. ಪಟ್ಟ ಮಗನಿಗಲ್ಲ, ಸೋದರಳಿಯನಿಗೆ. ಹೆಣ್ಣಿನ ಮೂಲಕ ಹರಿದುಬರುವ ಹಕ್ಕು ಒಮ್ಮೊಮ್ಮೆ ಹೆಣ್ಣಿನ ಕೈಯಲ್ಲೇ ನಿಲ್ಲುವುದೂ ಉಂಟು. ಉಳ್ಳಾಲದಲ್ಲಿ ಚೌಟರ ಅಬ್ಬಕ್ಕ ಆಳಿದಂತೆ, 17ನೆಯ ಶತಮಾನದ ವೇಣೂರನ್ನು ಮಧುರಕ್ಕದೇವಿ ಆಳಿದಳು.

ಕೆಳದಿ ಬಂದಿತು, 1763ರಲ್ಲಿ ಹೈದರ್ ಬಂದ, 1799ರಲ್ಲಿ ಕಂಪನಿ ಸರಕಾರ ಬಂದಿತು. ತುಳುನಾಡಿನ ಅರಸರಿಗೆ ಉಳಿದದ್ದು ಮನೆ ಮತ್ತು ಗೇಣಿಯ ಅಕ್ಕಿ. ಇಂಥ ಮನೆಗಳನ್ನು ಎತ್ತಿಹಿಡಿದದ್ದು ಕಂಬಗಳಷ್ಟೇ ಅಲ್ಲ, ಒಡೆಯದ ಕುಟುಂಬ ಮತ್ತು ಅದರ ಭೂಮಿ. 1949ರ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ಮಾಡಿತು. 1974ರ ಭೂಸುಧಾರಣೆ ಉಳುವವನಿಗೆ ನೆಲ ಕೊಟ್ಟಿತು. ಎರಡೂ ನ್ಯಾಯವಾದದ್ದೇ. ಆದರೆ ಪ್ರತಿ ಬೇಸಗೆ ಹೆಂಚು ಹೊಸದಾಗಿ ಹೊದಿಸಿ, ತೊಲೆಗೆ ಗೆದ್ದಲು ಹತ್ತದಂತೆ ಕಾಯುವ ಖರ್ಚು ಯಾವ ಕಾಯಿದೆಯಲ್ಲೂ ಇರಲಿಲ್ಲ. ನಾಡಿನ ಎಷ್ಟೋ ಬೀಡುಗಳು ಹೀಗೆಯೇ ನೆಲಕ್ಕೊರಗಿದವು.

ಅಳದಂಗಡಿಯ ಮನೆ ತನ್ನ ಕರ್ತವ್ಯವನ್ನು ಬಿಟ್ಟುಕೊಡಲಿಲ್ಲ. 2024ರ ಫೆಬ್ರವರಿಯಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆದಾಗ ಅದರ ಮುಂದಾಳುಗಳಲ್ಲಿ ಈ ಅರಮನೆಯವರಿದ್ದರು.