ಮಿರಜಿನ ತಂಬೂರಿ: ಕಣ್ಣಿಗಿಂತ ಕಿವಿ ನಂಬ್ರಿ

ಮಿರಜ: ಕುಂದಗೋಳದ ಸವಾಯಿ ಗಂಧರ್ವರ ಗುರು, ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದ ಊರಿದು. ಇಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಮಕ್ಕಳ ಸಂಗೀತ ಪಾಠಕ್ಕೆಂದು ತಂಬೂರಿ ಕೊಳ್ಳಲು ಬರುವ ಗಡಿಭಾಗದ ಕನ್ನಡ ಕುಟುಂಬಗಳು ಮೆರುಗು, ಕುಸುರಿಗೆ ಮರುಳಾಗದೆ ನಾದ ಕೇಳಿ ಆರಿಸುವುದು ಲೇಸು.

ನಾದದ ಗುಟ್ಟು ಜವಾರಿಯಲ್ಲಿದೆ. ಇದು ಜವಾರಿ ಜೋಳದ ಮಾತಲ್ಲ; ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಗೆ ಕೊಡುವ ನವಿರಾದ ಇಳಿಜಾರು. ತಂತಿಯಡಿಯ ಹತ್ತಿ ನೂಲನ್ನು ಕೂದಲೆಳೆಯಷ್ಟು ಸರಿಸಿದರೂ ಝೇಂಕಾರ ಬದಲಾಗುತ್ತದೆ. ನಾಲ್ಕೂ ತಂತಿ ಒಂದೊಂದಾಗಿ ಮೀಟಿಸಿ ನೋಡ್ರಿ. ಝೇಂಕಾರ ಎಲ್ಲದರಲ್ಲೂ ಒಂದೇ ಸಮ ಇರಬೇಕು. ಖರ್ಜದ ತಂತಿಯಿಂದ ಗಾಂಧಾರ ತಾನಾಗಿ ಹೊಮ್ಮಬೇಕು. ಕರಕರ ಅಂದರೆ ಅಲ್ಲೇ ತಿದ್ದಿಸಿಕೊಳ್ಳಿ.

ಮನೆಯಲ್ಲಿ ಎಲ್ಲಿ ಕೂಡ್ರಬೇಕು ಎಂಬುದೂ ಮುಖ್ಯ. ಟೈಲ್ಸ್ ನೆಲ, ಬರಿಗೋಡೆಯ ಕೋಣೆಯಲ್ಲಿ ಸದ್ದು ಮಾರ್ದನಿಸಿ ಕಲಸುತ್ತದೆ. ಮೂಲೆಯಲ್ಲಿ ಖರ್ಜ ಗುಂಯ್‌ಗುಡುತ್ತದೆ. ಜಮಖಾನೆ ಹಾಸಿ, ಗೋಡೆಯಿಂದ ಮುಂದೆ ಸರಿದು ಕೂಡ್ರಿ. ಒಬ್ಬರು ಮೀಟಲಿ, ಇನ್ನೊಬ್ಬರು ಎದುರಿಗೆ ಕೂತು ಕೇಳಲಿ.

ತಂತಿ ಉಜ್ಜಿ ಉಜ್ಜಿ ಕುದುರೆ ಸವೆಯುತ್ತದೆ. ನಾದ ಮಂಕಾಯಿತೆಂದು ಅಜ್ಜನ ಕಾಲದ ತಂಬೂರಿಯನ್ನು ಅಟ್ಟಕ್ಕೆ ಹಾಕಬೇಡ್ರಿ. ಮಿರಜಿಗೆ ತಂದು ಹೊಸದಾಗಿ ಜವಾರಿ ಮಾಡಿಸಿದರೆ ಅದು ಮತ್ತೆ ಹಾಡೀತು.